ದಾರ ಸೀದಾ ಆದ ಮೇಲೆ

ನಾನು ಮರದಲ್ಲಿ ಮಾಡಿದ ಒಂದು ಮೆದುಳು. ಕಿನ್ನಾಳದ ಚಿತ್ರಗಾರ ಏಕಪ್ಪ ದೇವರ ಮೂರ್ತಿ ಮಾಡುವ ಹಗುರ ಮರದಲ್ಲೇ ನನ್ನನ್ನೂ ಕಡೆದ. ಮೇಲೆ ಸುಕ್ಕುಸುಕ್ಕಾದ ಹಿರಿಮೆದುಳು, ಎರಡು ಹೋಳು. ಅದರ ಹಿಂದೆ ಕೆಳಗಡೆ, ಮೈ ವಾಲದಂತೆ ನಿಲ್ಲಿಸುವ ಕಿರುಮೆದುಳು. ಉಸಿರು, ಎದೆಬಡಿತ ನೋಡಿಕೊಳ್ಳುವ ಕಾಂಡ. ಅಲ್ಲಿಂದ ಬಾಲದಂತೆ ಇಳಿಯುವ ಬೆನ್ನುಹುರಿ. ಬಣ್ಣ ಹಚ್ಚಿ ಮುಗಿಸಿದ ಏಕಪ್ಪ, "ಎಲ್ಲಾ ದೇವರಿಗೂ ಕಡೀಕ ಕಣ್ಣು ಬರೀತೀನ್ರಿ. ಇದಕ್ಕ ಕಣ್ಣ ಇಲ್ಲಲ್ಲ!" ಎಂದು ನಕ್ಕ.

ಮಾಡಿಸಿದವರು ನರ್ಸಿಂಗ್ ಶಾಲೆಯ ಹಾವನೂರ ಸರ್. ನಾನು ಕಾಂಡದವರೆಗೂ ನಡುವೆ ತೆರೆದುಕೊಳ್ಳುತ್ತಿದ್ದೆ; ಅವರೇ ಕೂತು ನನ್ನೊಳಗೆ ದಾರ ಪೋಣಿಸಿದರು. ಎಡ ಹೋಳಿನಿಂದ ಕೆಂಪು, ಬಲ ಹೋಳಿನಿಂದ ನೀಲಿ. ಕಾಂಡದ ಕೆಳತುದಿಯಲ್ಲಿ ಎರಡೂ ಒಂದನ್ನೊಂದು ದಾಟಿ, ಬದಿ ಬದಲಿಸಿ ಬೆನ್ನುಹುರಿಗೆ ಇಳಿಯುತ್ತಿದ್ದವು. ಬಲಗೈ ಎತ್ತಬೇಕಾದರೆ ಎಡಮೆದುಳು ಹೇಳಬೇಕು, ಅದಕ್ಕೆ. ತರಗತಿಗೆ ನನ್ನನ್ನು ಕೂಸಿನಂತೆ ಎತ್ತಿಕೊಂಡು ಬರುತ್ತಿದ್ದರು. "ಮೈಯಾಗ ಎಲ್ಲಿ ನೋವಾದ್ರೂ ಮೆದುಳಿಗೆ ತಿಳೀತೈತಿ. ಅದಕ್ಕ ಚುಚ್ಚಿದ್ರ ಮಾತ್ರ ಅದಕ್ಕ ನೋವಿಲ್ಲ" ಎನ್ನುತ್ತಿದ್ದರು. ಅವರ ಮಾತನ್ನೆಲ್ಲ ನಾನು ನಂಬಿದ್ದೆ.

ಒಂದು ದಿನ ಮೆಟ್ಟಿಲ ಮೇಲೆ ಅವರ ಕೈಯಿಂದಲೇ ಜಾರಿಬಿದ್ದೆ. ಕಾಂಡ ಸೀಳಿತು, ದಾರ ಹರಿದವು. ಕಿನ್ನಾಳ ದೂರವೆಂದು ಪೇಟೆಯಲ್ಲಿ ತೊಟ್ಟಿಲು ಮಾಡುವ ಮೌನೇಶನಿಗೆ ಕೊಟ್ಟರು. ಮೌನೇಶ ಒಳ್ಳೆಯ ಕೆಲಸಗಾರ. ಸೀಳು ಕಾಣದಂತೆ ಕೂಡಿಸಿದ. ಆದರೆ ತೊಟ್ಟಿಲು ಕಟ್ಟುವವರಿಗೆ ಹಗ್ಗದ ಮೇಲೆ ಹಗ್ಗ ಬಂದರೆ ಅದು ತಪ್ಪೇ. ತೊಟ್ಟಿಲು ವಾಲುತ್ತದೆ, ಕೂಸು ಬೀಳುತ್ತದೆ. "ಯಾರೋ ತೊಡಕು ಮಾಡಿಟ್ಟಾರ" ಎಂದುಕೊಂಡು ಕೆಂಪನ್ನು ಎಡಕ್ಕೇ, ನೀಲಿಯನ್ನು ಬಲಕ್ಕೇ ನೆಟ್ಟಗೆ ಇಳಿಸಿಬಿಟ್ಟ.

ಸರ್ ನೋಡಿದೊಡನೆ ಹಣೆ ಚಚ್ಚಿಕೊಂಡರು. "ಅಯ್ಯ ಇವನ! ದಾಟಿಸೇ ಇಲ್ಲಲ್ಲ. ಇರಲಿ, ನಾಳೆ ಸರಿ ಮಾಡಿದ್ರಾತು."

ಆ ನಾಳೆ ಬರಲಿಲ್ಲ. ಅವರಿಗೆ ಪಾಠವೂ ಬೇಸರವಾಗಿತ್ತು. "ಮಾದರಿ ಐತಲ್ಲ, ನೋಡ್ಕೊಂಡು ಕಲೀರಿ" ಎಂದು ನನ್ನನ್ನು ಮೇಜಿನ ಮೇಲೆ ತೆರೆದಿಟ್ಟು ಚಹಾಕ್ಕೆ ಹೋಗುತ್ತಿದ್ದರು.

ಆ ತರಗತಿಯಲ್ಲಿ ಪುಸ್ತಕ ಕೊಳ್ಳಲಾಗದ ಹುಡುಗಿ ದೇವಕ್ಕನಿಗೆ ನಾನೇ ಪುಸ್ತಕ. ಈ ಸಲ ಪಾಸಾಗದಿದ್ದರೆ ಓದು ಬಿಡಿಸುತ್ತೇವೆಂದು ಅವಳ ಮನೆಯಲ್ಲಿ ಹೇಳಿದ್ದರು. ಅವಳು ದಾರದ ಮೇಲೆ ಬೆರಳಾಡಿಸುತ್ತಾ ಬಾಯಿಪಾಠ ಮಾಡುವಾಗ, ನಾನು ಸುಳ್ಳು ಹೇಳುತ್ತಿದ್ದೇನೆಂದು ನನಗೆ ಗೊತ್ತಿತ್ತು. ಏನು ಮಾಡಲಿ? ಮೆದುಳಿದ್ದೂ ಬಾಯಿಲ್ಲದ ಜನ್ಮ.

ಪರೀಕ್ಷೆಗೆ ಬೇರೆ ಊರಿನ ಮೇಡಂ ಬಂದರು. "ರೋಗಿಗೆ ಬಲಗೈ, ಬಲಗಾಲು ಬಿದ್ದುಹೋಗ್ಯಾವ. ಪೆಟ್ಟು ಬಿದ್ದದ್ದು ಮೆದುಳಿನ ಯಾವ ಬದಿಗೆ?"

"ಬಲಕ್ರಿ."

"ಬಲಕ್ಕ? ಯಾರು ಹೇಳಿದ್ರವಾ ನಿನಗ?"

ದೇವಕ್ಕ ನನ್ನ ಕಡೆ ಬೆರಳು ತೋರಿಸಿದಳು. "ಇದರಾಗ ಹಂಗ ಐತ್ರಿ."

ಮೇಡಂ ತಿರುಗುವಷ್ಟರಲ್ಲಿ ಹಾವನೂರ ಸರ್ ನನ್ನ ಎರಡೂ ಹೋಳುಗಳನ್ನು ಕೂಡಿಸಿ ಮುಚ್ಚಿಬಿಟ್ಟರು. ದಾರ ಪೋಣಿಸಿದ ಅದೇ ಕೈ. "ಮಾದರಿ ಸರಿ ಐತ್ರಿ ಮೇಡಂ. ಹುಡುಗಿ ಕಣ್ಣಿಟ್ಟು ನೋಡಿಲ್ಲ, ಅಷ್ಟ" ಎಂದರು. ಮುಂದಿನ ಪ್ರಶ್ನೆಗಳೂ ಆ ದಾರದ ಮೇಲೆಯೇ ನಿಂತಿದ್ದವು. ದೇವಕ್ಕನ ಉತ್ತರಗಳೆಲ್ಲ ತಿರುಗುಮುರುಗಾದವು.

ಅವಳು ಫೇಲಾದಳು. ಊರಿಗೆ ಹೊರಟ ದಿನ, ಟ್ರಂಕು ಬಾಗಿಲಲ್ಲಿಟ್ಟು ಒಳಗೆ ಬಂದಳು. ಯಾರದೋ ಪುಸ್ತಕ ತೆರೆದು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಸರ್‌ಗ ಗೊತ್ತಿತ್ತು" ಎಂದಳು, ಮೆಲ್ಲಗೆ. ದಾರ ಬಿಚ್ಚಿ, ಒಂದನ್ನೊಂದು ದಾಟಿಸಿ, ಬಿಗಿಯಾಗಿ ಗಂಟು ಹಾಕಿದಳು. "ಮುಂದಿನವರಿಗಾದ್ರೂ ಖರೇ ಹೇಳು" ಎಂದು ಟ್ರಂಕು ಎತ್ತಿಕೊಂಡು ಹೋದಳು.

ಮರುದಿನ ಸರ್ ನನ್ನನ್ನು ತೆರೆದು ನೋಡಿದರು. ಯಾರ ಕೈಗಂಟೆಂದು ಅವರಿಗೆ ತಿಳಿಯಿತು. ನನ್ನನ್ನು ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೇರಿಸಿದರು. ಮೇಜಿಗೆ ಪ್ಲಾಸ್ಟಿಕ್ಕಿನದೊಂದು ಬಂದಿತು.

ಸುಳ್ಳು ಹೇಳುವಾಗ ಮೇಜಿನ ಮೇಲಿದ್ದೆ. ನಿಜ ಹೇಳುವಂತಾದ ಮೇಲೆ ಕತ್ತಲಲ್ಲಿದ್ದೇನೆ. ಗೆದ್ದಲು ಬೆನ್ನುಹುರಿಯ ತುದಿ ಹಿಡಿದಿದೆ. ದೇವಕ್ಕನ ಗಂಟು ಮಾತ್ರ ಸಡಿಲವಾಗಿಲ್ಲ. ಕೆಳಗಿನಿಂದ ಸರ್ ದನಿ ಈಗಲೂ ಕೇಳಿಬರುತ್ತದೆ: "ಮೆದುಳಿಗೆ ತನ್ನ ನೋವು ಇಲ್ಲ, ಬರ್ಕೊಳ್ರಿ."

ಹುಡುಗಿಯರು ಬರೆದುಕೊಳ್ಳುತ್ತಾರೆ. ನಾನು ಮಾತ್ರ ಇದೊಂದನ್ನು ಇನ್ನು ನಂಬುವುದಿಲ್ಲ.