ಮೂರನೇ ಗವಿಯ ಮುಂದೆ ಹೇಳುವ ಮಾತು

ನಮ್ಮ ದೋಣಿಕಟ್ಟೆಗೆ ಇಂಗ್ಲಿಷ್ ಕಲಿಸಲು ಬಂದ ಹುಡುಗಿಯ ಹೆಸರು ಮಿಯೆನ್. ನಿಂಬಿನ್ ಪೇಟೆಯವಳು, ಕಾಲೇಜು ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಲಲ್ಲಿ ಹುಟ್ಟು ಹಾಕುವ ನಮ್ಮಂಥ ಹೆಂಗಸರ ಬಾಯಿಂದ ಇಂಗ್ಲಿಷ್ ಹೊರಡಿಸುವುದು ಹುಡುಗಾಟದ ಕೆಲಸವಲ್ಲ. ಆದರೂ ದೋಣಿ ಸಂಘದವರು ಹಟ ಹಿಡಿದಿದ್ದರು. ಊರು ನೋಡಲು ಬರುವ ಬಿಳಿಯರನ್ನು ಕೂರಿಸಿಕೊಂಡು ಬಾಯಿಗೆ ಬೀಗ ಹಾಕಿಕೊಂಡು ಹೋಗಬಾರದಂತೆ. ಬೆಟ್ಟ, ನದಿ, ನದಿ ತೂರಿಹೋಗುವ ಗವಿ ಕಂಡಲ್ಲಿ ಒಂದೊಂದು ಒಳ್ಳೆಯ ಮಾತು ಹೇಳಬೇಕಂತೆ.

ಹಾಗಾಗಿ ಟಿಕೆಟ್ ಕೊಡುವ ಚಪ್ಪರದ ಕೆಳಗೆ ದಿನಾ ಪಾಠ. ಸೀನಿಕ್ ಬಂತು, ಮೆಜೆಸ್ಟಿಕ್ ಬಂತು. ಪಿಕ್ಚರೆಸ್ಕ್ ಮಾತ್ರ ಯಾರಿಗೂ ಬರಲಿಲ್ಲ. ನಾವು ವಿಯೆಟ್ನಾಮಿನವರು ಮಾತಿನ ಬಾಲ ನುಂಗುವವರು. ನನ್ನ ಬಾಯಲ್ಲಿ ಅದು "ಪಿಚ್ಚರೇ" ಆಯಿತು.

"ನಿಮ್ಮನೆ ಮೇಕೆ ಕೆಮ್ಮಿದ ಹಾಗಿದೆ ಕಣೇ ಥೋವಾ," ಅಂದಳು ಲುವಾ. ಎಲ್ಲರೂ ನಕ್ಕರು.

ಲುವಾ ನನ್ನ ದೋಣಿಯ ಜೊತೆಗಾತಿ. ಅವಳು ಹಿಂದೆ ಕೂತು ಕಾಲಲ್ಲಿ ಹುಟ್ಟು ಹಾಕುತ್ತಾಳೆ, ನಾನು ಮುಂದೆ ಕೂತು ಕೈಯಲ್ಲಿ. ನೀರು ಏರಿದ್ದ ಕಾಲದಲ್ಲಿ ಅವಳ ಗಂಡ ಖೋಯಿ ಬಲೆ ಬಿಡಲು ಮೂರನೇ ಗವಿಯೊಳಗೆ ಹೋದವನು ಹೆಣವಾಗಿ ಹೊರಗೆ ಬಂದಿದ್ದ. ಅಂದಿನಿಂದ ಆ ಗವಿ ಬಂದಾಗಲೆಲ್ಲ ಲುವಾ ತಲೆ ತಗ್ಗಿಸಿ ಜೋರಾಗಿ ಹುಟ್ಟು ಹಾಕಿ ದಾಟಿಬಿಡುತ್ತಿದ್ದಳು. ಮಿಯೆನ್‌ಗೆ ಇದೊಂದೂ ಗೊತ್ತಿರಲಿಲ್ಲ.

ಅವತ್ತು ಪಾಠ ಮುಗಿಯುವ ಹೊತ್ತಿಗೆ ಅವಳ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವಸರದಲ್ಲೇ ಕೊನೆಯ ಪದ ಹೇಳಿಕೊಟ್ಟಳು: ಬ್ರೆತ್‌ಟೇಕಿಂಗ್.

"ಹಾಗಂದ್ರೆ ಏನು ಟೀಚರಮ್ಮ?" ಅಂದಳು ಲುವಾ.

"ಬ್ರೆತ್ ಅಂದ್ರೆ ಉಸಿರು ಅಕ್ಕ. ಟೇಕಿಂಗ್ ಅಂದ್ರೆ ತಗೊಂಡು ಹೋಗೋದು. ಉಸಿರು ತಗೊಂಡು ಹೋಗೋ ಜಾಗ ಅಂತ. ಬಸ್ಸು ಬಂತು, ನಾಳೆ ಬಿಡಿಸಿ ಹೇಳ್ತೀನಿ."

ಆ ನಾಳೆ ಅವಳಿಗೆ ಮರೆತೇಹೋಯಿತು. ಲುವಾಗೆ ಬಿಡಿಸಿ ಹೇಳುವುದು ಬೇಕಾಗಿಯೂ ಇರಲಿಲ್ಲ. ಉಸಿರು ಹೋಯಿತು ಅಂದರೆ ನಮ್ಮಲ್ಲಿ ಇರುವುದು ಒಂದೇ ಅರ್ಥ.

ಮಾರನೆಯ ದಿನ ಮೂರನೇ ಗವಿಯ ಮುಂದೆ ದೋಣಿ ನಿಧಾನವಾಯಿತು. ತಿರುಗಿ ನೋಡಿದರೆ ಲುವಾ ಎದೆಯ ಮೇಲೆ ಕೈಯಿಟ್ಟು ಗವಿಯ ಕಡೆ ತೋರಿಸುತ್ತಿದ್ದಾಳೆ. "ಬೆರೆತೇಕಿನ್," ಅಂದಳು. ದೋಣಿಯಲ್ಲಿದ್ದ ಬಿಳಿ ಗಂಡ ಹೆಂಡತಿ "ಯೆಸ್, ಯೆಸ್" ಅಂತ ತಲೆಯಾಡಿಸಿ ತಾವೂ ಎದೆಯ ಮೇಲೆ ಕೈಯಿಟ್ಟುಕೊಂಡರು. ಗಂಡಸು ಹೆಬ್ಬೆರಳು ಎತ್ತಿ ತೋರಿಸಿದ. ಅವರ ದೇಶದಲ್ಲಿ ಸಾವಿಗೆ ಹಾಗೆ ಮಾಡುತ್ತಾರೇನೋ ಅಂದುಕೊಂಡೆ.

ಆಮೇಲೆ ದಿನಾ ಅದೇ ಆಯಿತು. ಲುವಾ ಹೇಳುವಳು, ಅವರು ತಲೆಯಾಡಿಸುವರು. ಒಬ್ಬ ಮುದುಕಿಯಂತೂ ಕಣ್ಣೊರೆಸಿಕೊಂಡು ಲುವಾಳ ಕೈ ಹಿಡಿದುಕೊಂಡಳು.

"ನಮ್ಮೂರೋರು ಮಣ್ಣು ಹಾಕಿ ಬಂದು ಮರೆತುಬಿಟ್ರು ಕಣೇ," ಅಂದಳು ಲುವಾ ಒಂದು ಸಂಜೆ. "ಎಲ್ಲಿಂದಲೋ ಬಂದೋರು ನೋಡು, ದಿನಾ ನನ್ನ ಜೊತೆ ದುಃಖ ಪಡ್ತಾರೆ."

ಅವಳು ಹೊಟ್ಟೆ ತುಂಬ ಉಣ್ಣತೊಡಗಿದಳು. ಟಿಕೆಟ್ಟಿನವನ ಜೊತೆ ಮತ್ತೆ ಜಗಳ ಆಡತೊಡಗಿದಳು. ನನಗೆ ಸಮಾಧಾನವಾಗಿತ್ತು.

ಹೀಗಿರುವಾಗ ನಾವು ಕಲಿತದ್ದನ್ನು ಹೇಗೆ ಹೇಳುತ್ತೇವೆ ಅಂತ ಕೇಳಲು ಮಿಯೆನ್ ನಮ್ಮ ದೋಣಿ ಹತ್ತಿದಳು. ಮೂರನೇ ಗವಿ ಬಂತು. ಲುವಾ ಎದೆಯ ಮೇಲೆ ಕೈಯಿಟ್ಟು ತನ್ನ ಮಾತು ಹೇಳಿದಳು. ಮಿಯೆನ್ ಚಪ್ಪಾಳೆ ತಟ್ಟಿದಳು.

"ಎಷ್ಟು ಚೆನ್ನಾಗಿ ಹೇಳಿದ್ರಿ ಅಕ್ಕ."

"ಹೇಳಲೇಬೇಕಲ್ಲ ಟೀಚರಮ್ಮ. ನಮ್ಮನೆಯೋರ ಉಸಿರು ಹೋಗಿದ್ದು ಇಲ್ಲೇ ತಾನೆ."

ತಟ್ಟುತ್ತಿದ್ದ ಕೈ ಹಾಗೇ ನಿಂತಿತು. ಲುವಾ ಅದನ್ನು ಗಮನಿಸದೆ ಹೇಳುತ್ತ ಹೋದಳು. "ಬರೋ ವಾರ ಅವ್ರ ತಿಥಿ. ಒಂದು ಹಲಗೆ ಮೇಲೆ ಆ ಪದಾನ ದಪ್ಪಕ್ಷರದಲ್ಲಿ ಬರೆದುಕೊಡ್ತೀರಾ? ಗವಿ ಬಾಯಲ್ಲಿ ತೂಗು ಹಾಕ್ತೀನಿ. ಬೇರೆ ದೋಣೀಲಿ ಬರೋರಿಗೂ ಗೊತ್ತಾಗ್ಲಿ."

ಕಟ್ಟೆ ಮುಟ್ಟಿದ್ದೇ ತಡ, ಮಿಯೆನ್ ನನ್ನನ್ನು ಚಹದಂಗಡಿಯ ಹಿಂದಕ್ಕೆ ಎಳೆದುಕೊಂಡು ಹೋದಳು. ವಿಷಯ ಹೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಸುಂದರ ಅಂತಾನಾ?"

"ತುಂಬಾ ಸುಂದರ ಅಂತ. ನೋಡಿದೋರು ಉಸಿರಾಡೋದನ್ನೇ ಮರೀಬೇಕು, ಅಷ್ಟು. ಗಂಡ ಸತ್ತ ಜಾಗಾನ ಅವ್ರ ಬಾಯಿಂದಾನೇ ದಿನಾ ಹೊಗಳಿಸ್ತಿದೀನಲ್ಲಾ ಥೋವಕ್ಕ." ಅವಳು ಬಸ್ಸು ನಿಲ್ಲುವ ಕಡೆ ನೋಡಿದಳು. "ಆವತ್ತು ಒಂದು ನಿಮಿಷ ನಿಂತು ಹೇಳಿದ್ರೆ ಆಗ್ತಿತ್ತು. ಬಸ್ಸು ಇನ್ನೊಂದು ಬರ್ತಿತ್ತು."

 ಕಲಿತವರ ಅವಸರದ ಮೇಲೆ ನನಗೆ ಕೋಪ ಬಂತು. ಆದರೂ ಬೈಯಲಿಲ್ಲ.

"ಈಗ ಹೇಳ್ತೀನಿ," ಅಂದಳು.

"ಹೇಳಿದ್ರೆ ನಿನ್ನ ಮನಸ್ಸು ಹಗುರ ಆಗುತ್ತೆ. ಅವಳದು? ಇಷ್ಟು ದಿನ ಅವರೆಲ್ಲ ದುಃಖ ಪಟ್ಟಿದ್ದು ನಿನ್ನ ಗಂಡನಿಗಲ್ಲ ಅಂತ ಅವಳಿಗೆ ಹೇಳ್ತೀಯಾ?"

ಈ ಮಾತು ಆಡಬಾರದಿತ್ತೋ ಏನೋ, ನನಗೆ ಇವತ್ತಿಗೂ ತಿಳಿಯದು. ಮಿಯೆನ್ ಆ ವಾರವೆಲ್ಲ ಲುವಾಳ ಹಿಂದೆ ಮುಂದೆ ಸುತ್ತಾಡಿದಳು. ಹೇಳಲು ಬಾಯಿ ತೆರೆದರೆ ಲುವಾ ಅವಳ ಕೈಗೆ ತಳ ಹಿಡಿದ ಅನ್ನ ಕರಿದು ಮಾಡಿದ ಹಪ್ಪಳ ಕೊಟ್ಟು, "ತಿನ್ನಿ, ಸೊರಗಿ ಹೋಗಿದೀರಿ," ಅನ್ನುವಳು. ಕೊನೆಗೆ ಮಿಯೆನ್ ಹಲಗೆ ಬರೆದು ತಂದಳು. ಅಕ್ಷರಗಳು ದುಂಡಗಿದ್ದವು. ಲುವಾ ಅವುಗಳ ಮೇಲೆ ಬೆರಳಾಡಿಸಿ ನೋಡಿದಾಗ ಮಿಯೆನ್ ಅತ್ತ ತಿರುಗಿಕೊಂಡಳು.

ತಿಥಿಯ ದಿನ ಬೇಯಿಸಿದ ಕೋಳಿ, ಅಂಟು ಅಕ್ಕಿಯ ಅನ್ನ ಇಟ್ಟು, ಊದುಬತ್ತಿ ಹಚ್ಚಿ ಹಲಗೆ ತೂಗು ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಅದರ ಮುಂದೆ ದೋಣಿಗಳ ಸಾಲೇ ನಿಂತಿತು. ಬಿಳಿಯರೆಲ್ಲ ಹಲಗೆ ಕಾಣುವ ಹಾಗೆ ಫೋಟೋ ತೆಗೆಸಿಕೊಂಡರು. ಲುವಾ ಒಬ್ಬೊಬ್ಬರಿಗೂ ತಲೆ ಬಾಗಿಸಿದಳು.

ಸಂಜೆ ಸಂಘದ ಯಜಮಾನ ಹಿಗ್ಗುತ್ತ ಕಟ್ಟೆಗೆ ಬಂದ. ಅವನಿಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ, ಜನ ಸೇರಿದ್ದಷ್ಟೇ ಗೊತ್ತು.

"ಟೀಚರ್, ಎರಡನೇ ಗವಿಗೂ ಅದನ್ನೇ ಒಂದು ಬರೆದುಕೊಡಿ," ಅಂದವನೇ ಬೈಕು ಹತ್ತಿ ಹೋದ.

ಹಗ್ಗ ಸುತ್ತುತ್ತಿದ್ದ ಲುವಾ ಎದ್ದು ನಿಂತಳು. ಅವಳ ಮುಖ ಸಣ್ಣದಾಗಿತ್ತು.

"ಎರಡನೇ ಗವಿಗೂನಾ? ಅಯ್ಯೋ ಪಾಪ, ಅಲ್ಲಿ ಯಾರು ಹೋದ್ರು ಟೀಚರಮ್ಮ?"

ಮಿಯೆನ್ ನನ್ನ ಮುಖ ನೋಡಿದಳು. ಈಗ ಹೇಳಿಬಿಡುತ್ತಾಳೆ ಅಂದುಕೊಂಡೆ. ಹೇಳಿಬಿಡಲಿ ಅಂತಲೂ ಅನ್ನಿಸಿತು. ಆದರೆ ಅವಳ ಬಾಯಿಂದ ಬಂದದ್ದು ಅಳು. ಲುವಾ ಹೋಗಿ ಅವಳನ್ನು ಎದೆಗೆ ಒತ್ತಿಕೊಂಡಳು.

"ನಿಮ್ಮೋರಾ ಅಮ್ಮಾ?"

ಮಿಯೆನ್ ಹೂಂ ಅಂದಳು.

ಈಗ ಎರಡನೇ ಗವಿ ಬಂದಾಗಲೂ ಲುವಾ ಹುಟ್ಟು ನಿಲ್ಲಿಸುತ್ತಾಳೆ. ಯಾರೂ ಸಾಯದ ಆ ಗವಿಗೆ ಊದುಬತ್ತಿ ಹಚ್ಚಿ ಕೈ ಮುಗಿಯುತ್ತಾಳೆ. ಮಿಯೆನ್ ದೋಣಿಯಲ್ಲಿದ್ದರೆ ಒಂದು ಕಡ್ಡಿ ಅವಳ ಕೈಗೂ ಕೊಡುತ್ತಾಳೆ. ಅವಳು ಅದನ್ನು ಹಿಡಿದುಕೊಳ್ಳುತ್ತಾಳೆ.