ಯೆಸ್ ಅಂದ್ರೆ ಸಾಕು

ತಮ್ಮ ಮಿದ್ಲಾಜ್‌ಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಉಪ್ಪಿನಂಗಡಿಯಲ್ಲಿರುವ ಅವನ ಹೆಂಡತಿಗೂ ಅಷ್ಟೇ. ಅವರ ಮಾತೆಲ್ಲ ವಿಡಿಯೊದಲ್ಲಿ, ಕೈಸನ್ನೆಯಲ್ಲಿ. ಅವಳಿಗೆ ಹೆರಿಗೆ ಇವತ್ತೋ ನಾಳೆಯೋ ಎಂಬಾಗ ಇವನ ಡೇಟಾ ಮುಗಿದಿತ್ತು. ಐನೂರು ನಿಮಿಷದ ಉಚಿತ ಕರೆ ಮಾತ್ರ ಹಾಗೆಯೇ ಬಿದ್ದಿತ್ತು, ಯಾರಿಗೆ ಬೇಕು.

ನಾವಿರುವ ಗಲ್ಫಿನ ಸೀಫ್ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಜಗಳಾಡಿ, ಕರೆಯಿಲ್ಲದ, ಬರೀ ಡೇಟಾದ ಪ್ಲಾನ್ ಹುಡುಕಿಸಿದೆ. ಮಿದ್ಲಾಜ್ ಸಹಿ ಹಾಕಿದ.

“ಈಗ ಕಂಪೆನಿಯಿಂದ ಕಾಲ್ ಬರ್ತದೆ ಅಕ್ಕ,” ಎಂದ ಕೌಂಟರಿನಲ್ಲಿದ್ದ ಪುತ್ತೂರಿನವ. “ಯೆಸ್ ಅಂದ್ರೆ ಸಾಕು, ಪ್ಲಾನ್ ಶುರು.”

“ನಾನೇ ಹೇಳ್ತೇನೆ.”

“ಆಗುದಿಲ್ಲ. ಸಿಮ್ ಯಾರ ಹೆಸರಲ್ಲುಂಟೋ ಅವರೇ ಮಾತಾಡ್ಬೇಕು.”

ಅಷ್ಟರಲ್ಲಿ ಮಿದ್ಲಾಜ್‌ನ ಅಂಗೈಯಲ್ಲಿ ಫೋನ್ ನಡುಗಿತು. ಸಹಿ ಹಾಕಿದ್ದಕ್ಕೆ ಡೇಟಾ ಬಂತು, ವಿಡಿಯೊದಲ್ಲಿ ಹೆಂಡತಿಯೇ ಎಂದುಕೊಂಡು ಅವನು ಅದನ್ನು ಒತ್ತಿ, ಕೌಂಟರಿಗೆ ಒರಗಿಸಿ, ನೋವು ಶುರುವಾಯ್ತಾ ಎಂದು ಎರಡೂ ಕೈಯಲ್ಲಿ ಕೇಳತೊಡಗಿದ. ಒಳಗಿನಿಂದ ಯಾರೋ ಹೆಂಗಸು ಹಲೋ, ಹಲೋ ಎನ್ನುತ್ತಲೇ ಇದ್ದಳು.