ಎರಡು ಮುಚ್ಚಳ ಪೆಟ್ರೋಲು

ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಗಂಗಾಧರಯ್ಯನವರಿಗೆ ಅರಸೀಕೆರೆಯಲ್ಲಿ ಮಾತಿಗೆ ಯಾರೂ ಉಳಿದಿರಲಿಲ್ಲ. ಹೆಂಡತಿ ರುದ್ರಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹಳೇ ರ್‍ಯಾಲಿ ಕಾರು. ಪ್ರಾಯದಲ್ಲಿ ಅದನ್ನು ಬೇಲೂರು ರಸ್ತೆಯಲ್ಲಿ ಓಡಿಸಿ ಎಷ್ಟು ಕೋಳಿಗಳ ಶಾಪ ಹೊತ್ತಿದ್ದರೋ! ಈಗ, ೨೦೦೪ರಲ್ಲಿ, ಅದೇ ಕಾರನ್ನು ಪೆಟ್ರೋಲಿನ ಬದಲು ಎಥೆನಾಲಿನಲ್ಲಿ ಓಡಿಸುವ ಹುಚ್ಚು ಹಿಡಿಯಿತು.

ಕಾರ್ಬುರೇಟರಿನಲ್ಲಿ ಇಂಧನ ಹರಿಯುವ ಜೆಟ್ಟುಗಳ ತೂತು ದೊಡ್ಡದು ಮಾಡಿದರು, ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದರು, ಪರ್ಮಿಟ್ ಮಾಡಿಸಿ ಸಕ್ಕರೆ ಕಾರ್ಖಾನೆಯಿಂದ ಎಥೆನಾಲ್ ತಂದರು. ಕಾರೇನೋ ಓಡಿತು. ಆದರೆ ಬೆಳಗಿನ ಚಳಿಯಲ್ಲಿ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗದು. ಬಾನೆಟ್ಟು ಎತ್ತಿ ಕಾರ್ಬುರೇಟರಿಗೆ ಎರಡು ಮುಚ್ಚಳ ಪೆಟ್ರೋಲು ಸುರಿದು, ಅದು ಆರುವ ಮೊದಲೇ ಒಳಗೆ ಕೀ ತಿರುಗಿಸಬೇಕು. ಒಬ್ಬರ ಕೈಲಿ ಆಗುವ ಕೆಲಸವಲ್ಲ.

ಹಾಗಾಗಿ ಪಕ್ಕದ ಮನೆಯ ಕರಿಯಯ್ಯನವರನ್ನು ಕರೆದರು. ಅವರು ರಿಟೈರಾದ ರೈಲ್ವೆ ಗಾರ್ಡು. ದಿನಾ ಆರೂವರೆಗೆ ಮಫ್ಲರ್ ಸುತ್ತಿಕೊಂಡು ಬಂದು ಸ್ಟೀರಿಂಗ್ ಮುಂದೆ ಕೂರತೊಡಗಿದರು.

"ಎಷ್ಟು ಮುಚ್ಚಳ ಮೇಷ್ಟ್ರೇ?"

"ಎರಡು."

"ರೈಟ್!"

ಎಂಜಿನ್ನು ಗುಡುಗುತ್ತಿತ್ತು. ಆಮೇಲೆ ಕಾಫಿ, ಗಾರ್ಡಿನ ಅವೇ ಹಳೇ ಗೂಡ್ಸ್ ಗಾಡಿ ಕಥೆಗಳು.

ಬುದ್ಧಿ ಹೆಚ್ಚಾದವರು ಸುಮ್ಮನಿರುತ್ತಾರೆಯೇ? ಪಾಪ, ಚಳಿಯಲ್ಲಿ ಅವರಿಗೇಕೆ ತೊಂದರೆ ಅಂದುಕೊಂಡು ಮೇಷ್ಟ್ರು ಒಂದು ಪುಟ್ಟ ಪಂಪನ್ನು ಪೆಟ್ರೋಲಿನ ಡಬ್ಬಿಗೆ ಜೋಡಿಸಿ, ಪೈಪನ್ನು ಕಾರ್ಬುರೇಟರಿಗೆ ಎಳೆದು, ಸೀಟಿನ ಬಳಿ ಸ್ವಿಚ್ಚು ಕೂರಿಸಿದರು. ಮರುದಿನ ಒಬ್ಬರೇ ಸ್ಟಾರ್ಟ್ ಮಾಡಿ ಹೆಮ್ಮೆಯಿಂದ ತೋರಿಸಿದರು.

"ಚೆನ್ನಾಗೈತೆ ಬಿಡಿ," ಅಂದರು ಕರಿಯಯ್ಯ. "ಇನ್ನು ನನ್ ಕೆಲ್ಸ ಮುಗೀತು." ಕಾಫಿಗೂ ನಿಲ್ಲಲಿಲ್ಲ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ಹೋಗಬೇಕಾದ ಊರು ಮಾತ್ರ ಯಾವುದೂ ಇರಲಿಲ್ಲ. ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಆರಲು ಬಿಟ್ಟು ಚೆಲ್ಲಿದರು. ರುದ್ರಮ್ಮ ಹೋದ ಹೊಸದರಲ್ಲಿ ಮನೆ ಹೀಗೇ ಭಣಭಣ ಅನ್ನುತ್ತಿತ್ತು. ಆಗ ಸಮಾಧಾನ ಹೇಳಲು ನಾಲ್ಕು ಜನ ಬಂದಿದ್ದರು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಸುಮ್ಮನೆ ಬನ್ನಿ ಎಂದು ಕರೆಯಲು ನಾಚಿಕೆ. ಕೆಲಸವಿಲ್ಲದೆ ಇನ್ನೊಬ್ಬರ ಮನೆ ಮೆಟ್ಟಿಲು ಹತ್ತಿ ಇಬ್ಬರಿಗೂ ಗೊತ್ತಿರಲಿಲ್ಲ.

ಐದನೆಯ ಬೆಳಿಗ್ಗೆ ಪಂಪಿನ ವೈರು ಕಿತ್ತು, ಕಾಂಪೌಂಡಿನ ಮೇಲಿಂದ ಕೂಗಿದರು. "ಗಾರ್ಡ್ ಸಾಹೇಬ್ರೇ, ಸ್ಟಾರ್ಟೇ ಆಗ್ತಿಲ್ಲ ಕಣ್ರೀ!"

ಕರಿಯಯ್ಯ ತಕ್ಷಣ ಬಂದರು. ಮಫ್ಲರನ್ನು ಆಗಲೇ ಸುತ್ತಿಕೊಂಡಿದ್ದರು. ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದರು. ಕಿತ್ತ ವೈರು ಕಣ್ಣೆದುರೇ ತೂಗಾಡುತ್ತಿತ್ತು. ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಹೋಗಿ ಸ್ಟೀರಿಂಗ್ ಮುಂದೆ ಕೂತರು.

"ಎಷ್ಟು ಮುಚ್ಚಳ ಮೇಷ್ಟ್ರೇ?"